ಚಕ್ರ ದೊಡ್ಡದಾದರೆ ಸಾಲದು, ತಿರುಗಲು ಜಾಗ ಬೇಕು

ಕಮಲಾಪುರದಿಂದ ಕಂಪ್ಲಿಯ ಕಡೆಗೆ ಹೊರಟರೆ ದಾರಿಯಲ್ಲಿ ಬುಕ್ಕಸಾಗರ ಸಿಗುತ್ತದೆ. ವಿಜಯನಗರದ ಅರಸ ಬುಕ್ಕನ ಹೆಸರನ್ನು ಇಂದಿಗೂ ಹೊತ್ತಿರುವ ಊರು ಇದು. ಒಂದು ಪಕ್ಕದಲ್ಲಿ ಬಂಡೆಗಳ ಗುಡ್ಡ, ಇನ್ನೊಂದು ಪಕ್ಕದಲ್ಲಿ ತುಂಗಭದ್ರೆ. ನಡುವೆ ಕಾಲುವೆ ನೀರು ಕುಡಿದು ಬೆಳೆದ ಭತ್ತ, ಬಾಳೆ, ಕಬ್ಬು. ನದಿಯಾಚೆಯ ಕಡೆಬಾಗಿಲಿಗೆ ಸೇತುವೆಯಾದ ಮೇಲೆ ಆನೆಗೊಂದಿ, ಗಂಗಾವತಿಗಳಿಗೆ ಹೋಗುವ ವಾಹನಗಳೂ ಈ ಊರನ್ನು ಹಾಯ್ದೇ ಹೋಗುತ್ತವೆ.

ಈ ರಸ್ತೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಚಕ್ರದ ಇತಿಹಾಸ ಕಣ್ಣ ಮುಂದೆಯೇ ಉರುಳಿ ಹೋಗುತ್ತದೆ. ರಬ್ಬರ್ ಗಾಲಿಯ ಎತ್ತಿನ ಗಾಡಿ, ಕೆಸರುಗದ್ದೆಗೆಂದು ಕಬ್ಬಿಣದ ಪಂಜರದಂಥ ಚಕ್ರ ತೊಟ್ಟ ಟ್ರ್ಯಾಕ್ಟರ್, ಹತ್ತು ಚಕ್ರದ ಲಾರಿ, ಇವೆಲ್ಲವುಗಳ ನಡುವೆ ದೊಡ್ಡ ದೊಡ್ಡ ಮಿಶ್ರಲೋಹದ ಚಕ್ರಗಳನ್ನು ಮಿನುಗಿಸುತ್ತ ಸಾಗುವ ಕಾರುಗಳು. ಹೀಗೆ ಚಕ್ರ ಬದಲಿಸಿಕೊಂಡ ಕಾರೊಂದು ಗುಂಡಿಗೆ ಇಳಿದೆದ್ದಾಗ ಅಥವಾ ತಿರುವಿನಲ್ಲಿ ಹೊರಳಿದಾಗ ಒಮ್ಮೊಮ್ಮೆ ಒಂದು ಸದ್ದು ಕೇಳಿಬರುತ್ತದೆ. ಟೈರು ಕಾರಿನ ಮೈಗೆ ಉಜ್ಜುವ ಸದ್ದು ಅದು.

ಕಂಪನಿ ಕೊಟ್ಟ ಚಕ್ರವನ್ನು ತೆಗೆದು ದೊಡ್ಡದನ್ನು ಹಾಕಿಸುವ ಹವ್ಯಾಸ ಹೊಸದಿರಬಹುದು. ಆ ಸದ್ದಿನ ಹಿಂದಿರುವ ಸಮಸ್ಯೆ ಮಾತ್ರ ಬಹಳ ಹಳೆಯದು. ಚಕ್ರ ಒಂಟಿಯಾಗಿ ತಿರುಗುವ ವಸ್ತುವಲ್ಲ. ಅದಕ್ಕೊಂದು ಅಚ್ಚು ಬೇಕು, ಅಚ್ಚಿನ ಮೇಲೆ ಒಂದು ಮೈ ಇರುತ್ತದೆ, ಕೆಳಗೊಂದು ನೆಲ ಇರುತ್ತದೆ. ಇವುಗಳ ನಡುವೆ ಉಳಿಯುವ ನಾಲ್ಕು ಬೆರಳಿನ ಜಾಗದಲ್ಲಿಯೇ ಚಕ್ರದ ಬದುಕು. ಚಕ್ರ ಬದಲಾದಾಗಲೆಲ್ಲ ಈ ಜಾಗವನ್ನು ಮತ್ತೆ ಅಳೆಯಬೇಕಾಗುತ್ತದೆ. ಹಂಪೆಯ ಶಿಲ್ಪಿಗೂ ಹಳ್ಳಿಯ ಬಡಿಗನಿಗೂ ತಿಳಿದಿದ್ದ ಈ ಮಾತು, ಇಂದು ಹಣ ಕೊಟ್ಟು ಚಕ್ರ ಕೊಳ್ಳುವ ಅನೇಕರಿಗೆ ನೆನಪಾಗುವುದು ಟೈರು ಸವೆದ ಮೇಲೆ.

ಕಲ್ಲಿನ ರಥದ ಗಾಲಿ

ಬುಕ್ಕಸಾಗರದಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ವಿಜಯವಿಠಲನ ದೇವಾಲಯವಿದೆ. ಅದರ ಅಂಗಳದಲ್ಲಿರುವ ಕಲ್ಲಿನ ರಥವನ್ನು ಕಾಣದ ಕನ್ನಡಿಗರು ಕಡಿಮೆ. ಹಂಪೆಗೆ ಹೋಗದವರೂ 2017ರಲ್ಲಿ ಬಂದ 50 ರೂಪಾಯಿಯ ನೋಟಿನ ಹಿಂಬದಿಯಲ್ಲಿ ಅದನ್ನು ಕಂಡಿದ್ದಾರೆ. ರಥದ ಆಕಾರದಲ್ಲಿದ್ದರೂ ಅದು ನಿಜವಾಗಿ ಗರುಡನ ಗುಡಿ. ಒಂದೇ ಬಂಡೆಯಲ್ಲಿ ಕೊರೆದದ್ದೆಂಬ ಮಾತು ಪ್ರಚಾರದಲ್ಲಿದೆಯಾದರೂ ಅದು ಸರಿಯಲ್ಲ. ಹಲವು ಕಲ್ಲುಗಳನ್ನು ಬೆಸುಗೆ ಕಾಣದಷ್ಟು ನಾಜೂಕಾಗಿ ಜೋಡಿಸಿ ಇದನ್ನು ಕಟ್ಟಲಾಗಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಗೋಪುರವೂ ಕಾಣುತ್ತದೆ; ಇಂದು ಅದಿಲ್ಲ. ಮುಂದೆ ನಿಂತಿರುವ ಆನೆಗಳೂ ಮೊದಲಿನವಲ್ಲ. ಅಲ್ಲಿ ಹಿಂದೆ ಕುದುರೆಗಳಿದ್ದವೆಂಬುದಕ್ಕೆ ಅವುಗಳ ಹಿಂಗಾಲು, ಬಾಲಗಳ ಅವಶೇಷಗಳು ಸಾಕ್ಷಿಯಾಗಿವೆ.

ಈ ರಥದ ಸ್ವಾರಸ್ಯವಿರುವುದು ಅದರ ನಾಲ್ಕು ಚಕ್ರಗಳಲ್ಲಿ. ಹೂವಿನ ಸುತ್ತು ಸುತ್ತು ಕೆತ್ತನೆಯ ಈ ಗಾಲಿಗಳು ಬರಿಯ ಉಬ್ಬುಚಿತ್ರಗಳಲ್ಲ. ಅವುಗಳನ್ನು ಬೇರೆಯಾಗಿ ಕಡೆದು ಅಚ್ಚಿಗೆ ಕೂಡಿಸಲಾಗಿದೆ. ಒಂದು ಕಾಲದಲ್ಲಿ ಅವು ಅಚ್ಚಿನ ಸುತ್ತ ತಿರುಗುತ್ತಲೂ ಇದ್ದವು. ಎಂದೂ ಮುಂದಕ್ಕೆ ಚಲಿಸಬೇಕಿಲ್ಲದ ಗುಡಿಗೆ ತಿರುಗುವ ಚಕ್ರವೇಕೆ ಎಂದು ಕೇಳಬಹುದು. ಅದಕ್ಕೆ ಉತ್ತರ ಶಿಲ್ಪಿಯೇ ಹೇಳಬೇಕು. ಆದರೆ ತಿರುಗುವ ಕಲ್ಲಿನ ಗಾಲಿಯನ್ನು ಮಾಡಿದವನು ಏನನ್ನು ಅಳೆದಿರಬೇಕು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಗುಡಿಯ ಭಾರ ಗಾಲಿಯ ಮೇಲೆ ಬೀಳಬಾರದು; ಬಿದ್ದರೆ ಅದು ಅಲುಗದು. ಗಾಲಿ ಪಕ್ಕದ ಗೋಡೆಗೆ ತಾಗಬಾರದು. ತಾಗಿದರೆ ಕೆತ್ತನೆ ಅಳಿಸಿಹೋಗುತ್ತದೆ. ನಡುವಿನ ರಂಧ್ರ ಬಿಗಿಯಾಗಿರಬಾರದು, ತೀರ ಸಡಿಲವೂ ಆಗಬಾರದು. ಮರವಾದರೆ ತಪ್ಪಿದಲ್ಲಿ ಒಂದಿಷ್ಟು ಹೆರೆದು ಸರಿಮಾಡಬಹುದು. ಕಲ್ಲಿನಲ್ಲಿ ತಪ್ಪಿದರೆ ಗಾಲಿಯೇ ಹೋಯಿತು.

ನಿಜವಾದ ತೇರಿನ ಕಷ್ಟ ಬೇರೆ ಬಗೆಯದು. ಸುಮಾರು 1420ರಲ್ಲಿ ಬಂದ ಇಟಲಿಯ ನಿಕೊಲೊ ಕೊಂಟಿ, ಅವನ ನಂತರ ನೂರು ವರ್ಷಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಬ್ಬರೂ ವಿಜಯನಗರದ ಉತ್ಸವಗಳಲ್ಲಿ ಎಳೆಯುತ್ತಿದ್ದ ರಥಗಳ ಮಾತನ್ನು ಬರೆದಿಟ್ಟಿದ್ದಾರೆ. ಇಂದಿಗೂ ಚೈತ್ರದಲ್ಲಿ ವಿರೂಪಾಕ್ಷನ ತೇರು ಹಂಪೆಯ ಬೀದಿಯಲ್ಲಿ ಸಾಗುತ್ತದೆ. ತೇರಿನ ಅಚ್ಚು ಕಾರಿನ ಮುಂಗಾಲಿಯಂತೆ ಹೊರಳುವುದಿಲ್ಲ. ಗಾಲಿಯ ಬುಡಕ್ಕೆ ಮರದ ತುಂಡು ಕೊಟ್ಟು, ಮಿಣಿಯನ್ನು ಒಂದು ಮಗ್ಗುಲಿಗೆ ಹೆಚ್ಚು ಜಗ್ಗಿ ಅದರ ದಿಕ್ಕನ್ನು ತಿದ್ದಬೇಕು. ಹೊರಳಲಾರದ ಚಕ್ರಕ್ಕೆ ಬೀದಿಯೇ ಹೊಂದಿಕೊಳ್ಳಬೇಕು. ಹಂಪೆಯ ರಥಬೀದಿಗಳು ಅಷ್ಟು ನೇರವಾಗಿ, ಅಷ್ಟು ಅಗಲವಾಗಿ ಇರುವುದು ಕಣ್ಣಿನ ಚೆಂದಕ್ಕಷ್ಟೇ ಅಲ್ಲ, ತೇರಿನ ಅನುಕೂಲಕ್ಕೂ ಹೌದು.

ಬಡಿಗನ ಅಳತೆ

ರಥಗಳಿದ್ದವು ಎಂದ ಮಾತ್ರಕ್ಕೆ ವಿಜಯನಗರ ಚಕ್ರಗಳ ನಗರವಾಗಿತ್ತೆಂದು ತಿಳಿಯಬಾರದು. ಅಲ್ಲಿನ ಸರಕು ಹೆಚ್ಚಾಗಿ ಬರುತ್ತಿದ್ದುದು ಎತ್ತುಗಳ ಬೆನ್ನ ಮೇಲೆ. ಹೇರು ಹೊತ್ತ ಎತ್ತುಗಳು ಬೀದಿಗಳಲ್ಲಿ ಎಷ್ಟು ತುಂಬಿರುತ್ತಿದ್ದವೆಂದರೆ, ಅವು ದಾಟುವವರೆಗೆ ಕಾಯಬೇಕು ಇಲ್ಲವೇ ಬೇರೆ ದಾರಿ ಹಿಡಿಯಬೇಕು ಎಂದು ಪಾಯೆಸ್ ಬರೆದಿದ್ದಾನೆ. ಬಂಡೆ, ಕಣಿವೆ, ಹಳ್ಳಗಳ ಈ ಸೀಮೆಯಲ್ಲಿ ಗಾಲಿಗಿಂತ ಗೊರಸೇ ನಂಬಿಕೆಗೆ ಅರ್ಹವಾಗಿತ್ತು. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಆ ಶತಮಾನದಲ್ಲಿ ರಸ್ತೆಗಳು ಸುಧಾರಿಸಿದಂತೆ ಹೇರೆತ್ತು ಹಿಂದೆ ಸರಿಯಿತು, ಬಂಡಿ ಮುಂದೆ ಬಂದಿತು.

ಬಂಡಿಯ ಮರದ ಗಾಲಿ ಹಳ್ಳಿಯ ಬಡಿಗ ಮತ್ತು ಕಮ್ಮಾರ ಇಬ್ಬರೂ ಸೇರಿ ಮಾಡುವ ಕೆಲಸ. ನಡುವೆ ಗುಂಬ, ಅದರಿಂದ ಹೊರಟ ಅರೆಕಾಲುಗಳು ಸಾಮಾನ್ಯವಾಗಿ 12. ಹೊರಸುತ್ತಿಗೆ ಬಾಗಿದ ಮರದ 6 ತುಂಡುಗಳು, ಒಂದೊಂದು ತುಂಡಿಗೆ ಎರಡೆರಡು ಅರೆಕಾಲು. ಮರ ಹೆಚ್ಚಾಗಿ ಕರಿಜಾಲಿ. ಎಲ್ಲವನ್ನೂ ಬಿಗಿದು ಹಿಡಿಯುವುದು ಸುತ್ತಲಿನ ಕಬ್ಬಿಣದ ಪಟ್ಟೆ. ಈ ಪಟ್ಟೆಯ ಸುತ್ತಳತೆಯನ್ನು ಗಾಲಿಗಿಂತ ತುಸು ಕಡಿಮೆ ಇಡುವುದೇ ಕಮ್ಮಾರನ ಗುಟ್ಟು. ಕುಳ್ಳಿನ ಬೆಂಕಿಯಲ್ಲಿ ಪಟ್ಟೆ ಕೆಂಪಗೆ ಕಾದಾಗ ಹಿಗ್ಗುತ್ತದೆ. ನಾಲ್ಕು ಅಡಿ ಅಡ್ಡಳತೆಯ ಗಾಲಿಯ ಪಟ್ಟೆ 500 ಡಿಗ್ರಿ ಸೆಲ್ಸಿಯಸ್ ಕಾದರೆ ಸುತ್ತಳತೆಯಲ್ಲಿ ಎರಡು ಸೆಂಟಿಮೀಟರಿಗಿಂತ ಹೆಚ್ಚು ಬೆಳೆಯುತ್ತದೆ. ಆಗ ಗಾಲಿಗೆ ತೊಡಿಸಿ ನೀರು ಸುರಿದರೆ ಅದು ಕುಗ್ಗಿ, ಅರೆಕಾಲು ಗುಂಬಗಳನ್ನು ಒಂದೇ ಮೈಯಾಗಿ ಬಿಗಿಯುತ್ತದೆ. ಎರಡು ಸೆಂಟಿಮೀಟರಿನ ಈ ಲೆಕ್ಕ ಯಾವ ಪುಸ್ತಕದಲ್ಲೂ ಇರಲಿಲ್ಲ, ಕಮ್ಮಾರನ ಕಣ್ಣಿನಲ್ಲಿತ್ತು.

ಗಾಲಿ ಗಟ್ಟಿಯಾದರೆ ಸಾಲದು, ಬಂಡಿಗೆ ಕೂಡಬೇಕು. ಗುಂಬ ಅಚ್ಚಿನಲ್ಲಿ ತುಸು ಆಡುವಂತಿರಬೇಕು; ಆ ಆಟಕ್ಕೊಂದು ಮಿತಿಯೂ ಇರಬೇಕು. ಆಟ ಕಡಿಮೆಯಾದರೆ ಕೀಲೆಣ್ಣೆ ಒಣಗಿ ಅಚ್ಚು ಬಿಸಿಯಾಗುತ್ತದೆ, ಎತ್ತು ಬಸವಳಿಯುತ್ತದೆ. ಹೆಚ್ಚಾದರೆ ಗಾಲಿ ಒಳಕ್ಕೆ ವಾಲಿ ಬಂಡಿಯ ಮಗ್ಗುಲಿಗೆ ಉಜ್ಜುತ್ತದೆ, ಹೊರಕ್ಕೆ ವಾಲಿ ಕಡೆಗೀಲನ್ನು ನೂಕುತ್ತದೆ. ಆದ್ದರಿಂದಲೇ ಮರದ ಬಂಡಿಯ ತೊಟ್ಟಿ ಯಾವಾಗಲೂ ಎರಡು ಗಾಲಿಗಳ ನಡುವೆ, ಕೈ ಆಡುವಷ್ಟು ಜಾಗ ಬಿಟ್ಟು ಕೂರುತ್ತದೆ. ದೊಡ್ಡ ಗಾಲಿ ಗುಂಡಿಗೆ ಬಿದ್ದರೂ ಸುಲಭವಾಗಿ ಏಳುತ್ತದೆ, ಕಪ್ಪುಮಣ್ಣಿನಲ್ಲಿ ಕಡಿಮೆ ಹೂಳುತ್ತದೆ. ಹಾಗೆಂದು ಗಾಲಿಯನ್ನು ಎಷ್ಟು ಬೇಕಾದರೂ ದೊಡ್ಡದು ಮಾಡಲಾಗದು. ಅಚ್ಚು ಮೇಲೇರಿದರೆ ಮೂಕಿಯ ಇಳಿಜಾರು ಬದಲಾಗಿ ಭಾರ ಎತ್ತಿನ ಕುತ್ತಿಗೆಗೆ ಬರುತ್ತದೆ. ಎತ್ತಿನ ಎತ್ತರಕ್ಕೆ ತಕ್ಕಂತೆ ಗಾಲಿ, ಗಾಲಿಗೆ ತಕ್ಕಂತೆ ಮೂಕಿ ಎಂಬುದು ಬಡಿಗನ ಲೆಕ್ಕ.

ಗಾಳಿ ತುಂಬಿದ ಗಾಲಿ

ಕಬ್ಬಿಣದ ಪಟ್ಟೆಗೆ ಒಂದು ದುರ್ಗುಣವಿತ್ತು. ಎರಡು ಬೆರಳಗಲದ ಆ ಪಟ್ಟೆ ತುಂಬಿದ ಬಂಡಿಯ ಭಾರವನ್ನೆಲ್ಲ ರಸ್ತೆಯ ಮೇಲೆ ಒಂದೇ ಗೆರೆಯಲ್ಲಿ ಹೇರುತ್ತಿತ್ತು. ಹೊಸದಾಗಿ ಹಾಕಿದ ಜಲ್ಲಿ ರಸ್ತೆ ಕೆಲವೇ ಕಾಲದಲ್ಲಿ ಎರಡು ಕಾಲುವೆಗಳಾಗುತ್ತಿತ್ತು. ರಸ್ತೆ ಎಂಜಿನಿಯರುಗಳು ಇದನ್ನು ದೂರುತ್ತಿದ್ದ ಕಾಲಕ್ಕೆ ಉತ್ತರ ಬೇರೆ ಕಡೆ ಸಿದ್ಧವಾಗಿತ್ತು.

ಗಾಳಿ ತುಂಬಿದ ಟೈರಿನ ಕಲ್ಪನೆಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿಯೇ ಪೇಟೆಂಟ್ ಪಡೆದಿದ್ದ. ಕೊಳ್ಳುವವರಿಲ್ಲದೆ ಅದು ಮರೆತುಹೋಯಿತು. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಮಗನ ಮೂರು ಚಕ್ರದ ಸೈಕಲ್ಲು ಕುಲುಕದಿರಲೆಂದು ರಬ್ಬರಿನ ಕೊಳವೆಗೆ ಗಾಳಿ ತುಂಬಿ ಗಾಲಿಗೆ ಸುತ್ತಿದ. ಥಾಮ್ಸನ್ ಮೊದಲಿಗನೆಂಬ ಕಾರಣಕ್ಕೆ ಡನ್ಲಪ್‌ನ ಪೇಟೆಂಟ್ ಮುಂದೆ ಬಿದ್ದುಹೋಯಿತಾದರೂ, ಹೆಸರು ಉಳಿದದ್ದು ಡನ್ಲಪ್‌ನದೇ. 1936ರಲ್ಲಿ ಬಂಗಾಳದ ಹೂಗ್ಲಿ ಜಿಲ್ಲೆಯ ಸಹಾಗಂಜಿನಲ್ಲಿ ಆ ಹೆಸರಿನ ಕಾರ್ಖಾನೆ ಆರಂಭವಾಯಿತು. ಎತ್ತಿನ ಗಾಡಿಗೆಂದೇ ತಯಾರಾದ ಟೈರುಗಳು ಮುಂದಿನ ದಶಕಗಳಲ್ಲಿ ಹಳ್ಳಿಗಳನ್ನು ತಲುಪಿದವು. ಸಹಾಗಂಜಿನ ಕಾರ್ಖಾನೆಯ ಕೆಲಸ ನಿಂತುಹೋಗಿದೆ. ಆದರೆ ಯಾವ ಕಂಪನಿಯ ಟೈರು ಹಾಕಿದ್ದರೂ ಕನ್ನಡದ ರೈತನಿಗೆ ಅದು ಇಂದಿಗೂ ‘ಡನ್ಲಪ್ ಗಾಡಿ’ಯೇ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹಳೆಯ ಬಂಡಿಯ ಮರದ ಗಾಲಿ ಕಳಚಿ ರಬ್ಬರ್ ಗಾಲಿ ಸಿಕ್ಕಿಸಿದರೆ ಡನ್ಲಪ್ ಗಾಡಿಯಾಗುವುದಿಲ್ಲ. ರಬ್ಬರ್ ಗಾಲಿ ಗಿಡ್ಡ, ಅಗಲ. ಅದನ್ನು ಹಾಕಿದರೆ ಅಚ್ಚು ತಗ್ಗುತ್ತದೆ, ಮೂಕಿ ಮೇಲ್ಮುಖವಾಗುತ್ತದೆ, ನೊಗ ಸರಿಯಾಗಿ ಕೂರುವುದಿಲ್ಲ. ಅಚ್ಚಿಗೆ ಕೀಲೆಣ್ಣೆಯ ಬದಲು ಬೇರಿಂಗ್ ಬೇಕು. ಇನ್ನೊಂದೆಡೆ, ಗಾಲಿ ಗಿಡ್ಡವಾದ್ದರಿಂದ ಹಲಗೆಯನ್ನು ಗಾಲಿಗಳ ಮೇಲೆಯೇ ಹಾಸಬಹುದು. ಹೆಚ್ಚು ಹುಲ್ಲು, ಹೆಚ್ಚು ಕಬ್ಬು ಒಟ್ಟಬಹುದು. ಆದರೆ ಹಾಗೆ ಹಾಸಿದ ಹಲಗೆ ತುಂಬಿದ ಭಾರಕ್ಕೆ ಬಾಗಿದಾಗ ಟೈರಿಗೆ ತಾಗಕೂಡದು. ಅದಕ್ಕಾಗಿ ಅಚ್ಚಿಗೂ ಹಲಗೆಗೂ ನಡುವೆ ದಿಮ್ಮಿ ಕೊಟ್ಟು ಎತ್ತರಿಸಬೇಕು. ಗಾಲಿ ಬದಲಾದದ್ದೇ ಇಡೀ ಗಾಡಿ ಬದಲಾಯಿತು. ಹಳ್ಳಿಯ ಬಡಿಗರು ಅದನ್ನು ಹೊಸದಾಗಿಯೇ ಕಟ್ಟಲು ಕಲಿತರು. ಹಳೆಯ ಜೀಪು, ಲಾರಿಗಳ ಅಚ್ಚು ಚಕ್ರಗಳೂ ಅವರ ಕೈಯಲ್ಲಿ ಗಾಡಿಗಳಾದವು.

ವಿದ್ವಾಂಸರ ಗಮನ ಈ ಕಡೆ ಹರಿದದ್ದು ತಡವಾಗಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಆರ್. ರಾಘವನ್ ಮತ್ತು ಡಿ.ಎಲ್. ಪ್ರಸನ್ನ ರಾವ್ 1979ರಲ್ಲಿ ಎರಡು ಚಕ್ರದ ಎತ್ತಿನ ಗಾಡಿಯನ್ನು ಎಂಜಿನಿಯರಿಂಗ್ ದೃಷ್ಟಿಯಿಂದ ವಿಶ್ಲೇಷಿಸಿದರು. ಬೆಂಗಳೂರಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಅವರು ಗಾಡಿಯ ಸುಧಾರಣೆಗಾಗಿ ದಶಕಗಳ ಕಾಲ ವಾದಿಸಿದರು. ಗಾಡಿ ತಪ್ಪಾಗಿ ಕೂಡಿದರೆ ಅದರ ಬೆಲೆ ತೆರುವುದು ಎತ್ತಿನ ಕುತ್ತಿಗೆ ಎಂಬುದು ಈ ಚಿಂತನೆಗಳ ಹಿಂದಿದ್ದ ಕಾಳಜಿ.

ಕೆಸರಿಗೊಂದು, ರಸ್ತೆಗೊಂದು

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಈ ಭಾಗದಲ್ಲಿ ನೀರಾವರಿ ಹಬ್ಬಿತು. ಕಂಪ್ಲಿ, ಗಂಗಾವತಿ, ಸಿರುಗುಪ್ಪಗಳು ಭತ್ತದ ಕಣಜಗಳೆನಿಸಿದವು. ಕಾಲಕ್ರಮದಲ್ಲಿ ಕೆಸರುಗದ್ದೆಗೆ ಎತ್ತಿನ ಬದಲು ಟ್ರ್ಯಾಕ್ಟರ್ ಇಳಿಯಿತು. ಟ್ರ್ಯಾಕ್ಟರಿನ ಹಿಂದಿನ ಟೈರಿನ ಮೇಲೆ 13.6-28 ಎಂಬಂಥ ಬರಹವಿರುತ್ತದೆ. 13.6 ಇಂಚು ಅಗಲದ ಟೈರು, 28 ಇಂಚಿನ ರಿಮ್ಮು ಎಂದು ಅದರ ಅರ್ಥ. ಇಷ್ಟು ದೊಡ್ಡ ಗಾಲಿಯೂ ನಾಟಿಯ ಗದ್ದೆಯಲ್ಲಿ ಜಾರುವುದರಿಂದ ಕಬ್ಬಿಣದ ಪಂಜರದ ಚಕ್ರ, ಅಂದರೆ ರೈತರ ಮಾತಿನ ‘ಕೇಜ್‌ವೀಲ್’ ಬಂದಿತು. ಕೆಸರಿನಲ್ಲಿ ಅದು ಬಂಗಾರ. ಆದರೆ ಅದೇ ಚಕ್ರದಲ್ಲಿ ಡಾಂಬರು ರಸ್ತೆಗೆ ಬಂದರೆ ರಸ್ತೆ ಕಿತ್ತುಹೋಗುತ್ತದೆ. ಹಾಗೆ ಬರಬಾರದೆಂದು ಅಧಿಕಾರಿಗಳು ಎಚ್ಚರಿಸುವುದು ಭತ್ತದ ಸೀಮೆಗೆ ಹೊಸ ಸುದ್ದಿಯಲ್ಲ. ಕಬ್ಬಿಣದ ಪಟ್ಟೆಯ ಬಂಡಿಯ ಮೇಲಿದ್ದ ಹಳೆಯ ದೂರು ಹೊಸ ರೂಪದಲ್ಲಿ ಮರಳಿ ಬಂದಿದೆಯಷ್ಟೆ.

ಟ್ರ್ಯಾಕ್ಟರಿನಲ್ಲಿ ಇನ್ನೊಂದು ಜಾಣತನವಿದೆ. ಹಿಂದಿನ ಗಾಲಿಗಳ ನಡುವಿನ ಅಂತರವನ್ನು ಬೆಳೆಯ ಸಾಲಿಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಬಹುದು. ಗಾಲಿಯ ನಡುವಿನ ತಟ್ಟೆ ಒಂದು ಬದಿಗೆ ಗುಳಿಬಿದ್ದಂತಿರುತ್ತದೆ. ಆ ಗುಳಿ ಒಳಮುಖವಾಗಿರುವಂತೆ ಬಿಗಿದರೆ ಗಾಲಿ ಒಂದೆಡೆ ಕೂರುತ್ತದೆ. ತಟ್ಟೆಯನ್ನು ಮಗುಚಿ ಬಿಗಿದರೆ ಅದೇ ಗಾಲಿ ಕೆಲವು ಇಂಚು ಆಚೆಗೆ ಸರಿಯುತ್ತದೆ. ಗಾಲಿಯ ಗಾತ್ರ ಕೂದಲೆಳೆಯಷ್ಟೂ ಬದಲಾಗಿಲ್ಲ, ಕೂರುವ ಜಾಗ ಮಾತ್ರ ಬದಲಾಗಿದೆ. ಇದನ್ನು ಬಲ್ಲ ರೈತನಿಗೆ ಕಾರಿನ ಚಕ್ರದ ಗುಟ್ಟು ಅರ್ಧ ತಿಳಿದಂತೆಯೇ.

ಟೈರಿನ ಮೈಮೇಲಿನ ಬರಹ

ಕಾರಿನ ಚಕ್ರದ ಗಾತ್ರವೂ ಒಂದೇ ದಿಕ್ಕಿನಲ್ಲಿ ಬೆಳೆದು ಬಂದದ್ದಲ್ಲ. 1908ರಲ್ಲಿ ಅಮೆರಿಕದಲ್ಲಿ ಬಂದ ಫೋರ್ಡ್ ‘ಮಾಡೆಲ್ ಟಿ’ ಕಾರಿನ ಟೈರು 30 ಇಂಚು ಎತ್ತರ, ಆದರೆ ತೀರ ಕಿರಿದು. ಕೆಸರು, ಗುಂಡಿಗಳ ಹಳ್ಳಿದಾರಿಗೆ ಅದೇ ಸರಿ. ಬಂಡಿಯ ಗಾಲಿಯದೂ ಇದೇ ನ್ಯಾಯ. ರಸ್ತೆಗಳು ಸುಧಾರಿಸಿದಂತೆ ಚಕ್ರ ತಗ್ಗಿತು, ಅಗಲವಾಯಿತು. ಭಾರತದ ರಸ್ತೆಗಳನ್ನು ದಶಕಗಳ ಕಾಲ ಆಳಿದ ಅಂಬಾಸಿಡರ್‌ಗೆ 15 ಇಂಚಿನ ರಿಮ್ಮು. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800ಕ್ಕೆ ಕೇವಲ 12 ಇಂಚು. ಈಗ ಕಾರುಗಳು ಮತ್ತೆ 16, 17 ಇಂಚಿಗೆ ಏರಿವೆ. ಹಾಗೆ ಏರದ ಕಾರುಗಳ ಮಾಲೀಕರು ಅಂಗಡಿಗೆ ಹೋಗಿ ಏರಿಸಿಕೊಳ್ಳುತ್ತಿದ್ದಾರೆ.

ಚಕ್ರ ದೊಡ್ಡದು ಎಂದಾಗ ಯಾವುದು ದೊಡ್ಡದು ಎಂಬ ಪ್ರಶ್ನೆ ಮೊದಲು ಬರಬೇಕು. ಲೋಹದ ರಿಮ್ಮೋ, ಟೈರು ಸೇರಿದ ಇಡೀ ಗಾಲಿಯೋ? ಉತ್ತರ ಟೈರಿನ ಮೈಮೇಲೆಯೇ ಇದೆ. 185/65 ಆರ್ 15 ಎಂದು ಬರೆದಿದೆ ಎನ್ನಿ. 185 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಟೈರಿನ ಗೋಡೆಯ ಎತ್ತರ ಅಗಲದ ಶೇಕಡ 65ರಷ್ಟು. ‘ಆರ್’ ಎಂಬುದು ರೇಡಿಯಲ್ ಟೈರಿನ ಗುರುತು. 15 ಎಂದರೆ ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡ, ಇಂಚು ಮೂರೂ ಬೆರೆತಿರುವುದರಿಂದ ಗೊಂದಲವಾಗುವುದು ಸಹಜ. ಲೆಕ್ಕ ಮಾತ್ರ ಸರಳ. 15 ಇಂಚು ಎಂದರೆ 381 ಮಿ.ಮೀ. ಒಂದು ಗೋಡೆಯ ಎತ್ತರ 120.25 ಮಿ.ಮೀ.; ಮೇಲೊಂದು ಕೆಳಗೊಂದು ಸೇರಿ 240.5. ಇಡೀ ಗಾಲಿಯ ಎತ್ತರ 621.5 ಮಿ.ಮೀ.

ಈಗ 16 ಇಂಚಿನ ರಿಮ್ಮು ಹಾಕಬೇಕೆಂದು ಆಸೆಯಾಯಿತು ಎನ್ನೋಣ. 195/55 ಆರ್ 16 ಟೈರನ್ನು ಆರಿಸಿದರೆ ಗಾಲಿಯ ಒಟ್ಟು ಎತ್ತರ 620.9 ಮಿ.ಮೀ. ಮೊದಲಿನದಕ್ಕೂ ಇದಕ್ಕೂ ಒಂದು ಮಿಲಿಮೀಟರಿನ ವ್ಯತ್ಯಾಸವೂ ಇಲ್ಲ. ರಿಮ್ಮು ದೊಡ್ಡದಾಯಿತು, ರಬ್ಬರಿನ ಗೋಡೆ ತಗ್ಗಿತು, ಗಾಲಿ ಇದ್ದಷ್ಟೇ ಇದೆ. ಇದರ ಬದಲು 205/60 ಆರ್ 16 ಹಾಕಿದರೆ ಗಾಲಿ 652.4 ಮಿ.ಮೀ. ಆಗುತ್ತದೆ. ಮಡ್‌ಗಾರ್ಡಿನ ಕಡೆಗೆ ಒಂದೂವರೆ ಸೆಂಟಿಮೀಟರ್ ಮೇಲೇರಿತು. ಅಗಲ 20 ಮಿ.ಮೀ. ಹೆಚ್ಚಿತು. ಉಜ್ಜುವ ಸದ್ದು ಹುಟ್ಟುವುದು ಇಂಥಲ್ಲಿ. ಅಷ್ಟೇ ಅಲ್ಲ, ಗಾಲಿಯ ಒಂದು ಸುತ್ತಿಗೆ ಕಾರು ಶೇಕಡ 5ರಷ್ಟು ಹೆಚ್ಚು ದೂರ ಹೋಗುವುದರಿಂದ ವೇಗಮಾಪಕ 80 ಎಂದು ತೋರಿಸುವಾಗ ನಿಜವಾದ ವೇಗ 84 ಆಗಿರುತ್ತದೆ.

ಒಳಕ್ಕೋ, ಹೊರಕ್ಕೋ?

ಎತ್ತರ ಸರಿಯಾದರೂ ಚಕ್ರ ಉಜ್ಜಬಹುದು. ಟ್ರ್ಯಾಕ್ಟರಿನ ಮಗುಚಿದ ತಟ್ಟೆ ಇಲ್ಲಿ ನೆನಪಾಗಬೇಕು. ಕಾರಿನ ರಿಮ್ಮಿನಲ್ಲೂ ಬೋಲ್ಟು ಕೂರುವ ತಟ್ಟೆ ನಟ್ಟನಡುವೆ ಇರುವುದಿಲ್ಲ, ಸಾಮಾನ್ಯವಾಗಿ ಹೊರಮುಖಕ್ಕೆ ಸರಿದಿರುತ್ತದೆ. ಹೀಗೆ ಎಷ್ಟು ಮಿ.ಮೀ. ಸರಿದಿದೆ ಎಂಬುದನ್ನು ಗ್ಯಾರೇಜಿನ ಮಾತಿನಲ್ಲಿ ಆಫ್‌ಸೆಟ್ ಎನ್ನುತ್ತಾರೆ. ಈ ಸಂಖ್ಯೆ ಕಡಿಮೆಯಾದಷ್ಟೂ ಗಾಲಿ ಹೊರಕ್ಕೆ ಬರುತ್ತದೆ, ಹೆಚ್ಚಾದಷ್ಟೂ ಒಳಕ್ಕೆ ಹೋಗುತ್ತದೆ. ಟೈರು 20 ಮಿ.ಮೀ. ಅಗಲವಾದರೆ ಎರಡೂ ಮಗ್ಗುಲಿಗೆ ಹತ್ತು ಹತ್ತು ಹಂಚಿಹೋಗುತ್ತದೆ. ಜೊತೆಗೆ ಆಫ್‌ಸೆಟ್ 45ರಿಂದ 35ಕ್ಕೆ ಇಳಿದರೆ ಹೊರ ಅಂಚು ಇನ್ನೂ ಹತ್ತು, ಒಟ್ಟು 20 ಮಿ.ಮೀ. ಆಚೆ ಬರುತ್ತದೆ. ಆಗ ಕಾರು ತುಂಬಿ ಗುಂಡಿಗೆ ಬಿದ್ದಾಗ ಟೈರು ಮಡ್‌ಗಾರ್ಡಿನ ಅಂಚಿಗೆ ಸಿಗುತ್ತದೆ. ಒಳಕ್ಕೆ ಸರಿದರೆ ಅಪಾಯ ಇನ್ನೂ ಗುಪ್ತ. ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಟೈರು ಸಸ್ಪೆನ್ಷನ್ನಿನ ಕಂಬಕ್ಕೋ ಬ್ರೇಕಿನ ಕೊಳವೆಗೋ ತಾಗಬಹುದು. ಮಡ್‌ಗಾರ್ಡಿಗೆ ಉಜ್ಜಿದರೆ ಬಣ್ಣ, ಟೈರು ಹೋಗುತ್ತವೆ. ಬ್ರೇಕಿನ ಕೊಳವೆ ಸವೆದರೆ ಹೋಗುವುದು ಬಣ್ಣವಲ್ಲ.

ಆದ್ದರಿಂದ ಬಲ್ಲ ಮೆಕ್ಯಾನಿಕ್ ಹೊಸ ಚಕ್ರ ಹಾಕಿ ಖಾಲಿ ಕಾರನ್ನು ಅಂಗಳದಲ್ಲಿ ಒಂದು ಸುತ್ತು ಓಡಿಸಿ ‘ಸರಿಯಾಗಿದೆ’ ಎನ್ನುವುದಿಲ್ಲ. ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಮುಂದಕ್ಕೂ ಹಿಂದಕ್ಕೂ ಓಡಿಸಿ ನೋಡುತ್ತಾನೆ. ಟೈರಿನ ಅಂಚಿಗೆ ಸೀಮೆಸುಣ್ಣ ಬಳಿದು, ಕಾರಿನ ತುಂಬ ಜನರನ್ನು ಕೂರಿಸಿ, ರಸ್ತೆಯ ಉಬ್ಬನ್ನು ನಿಧಾನವಾಗಿ ಹತ್ತಿಳಿಸುತ್ತಾನೆ. ಒಳಗೆಲ್ಲಾದರೂ ಬಿಳಿಯ ಗುರುತು ಬಿದ್ದಿದ್ದರೆ ಆ ಚಕ್ರ ಆ ಕಾರಿನದಲ್ಲ. ಬೋಲ್ಟುಗಳ ಸಂಖ್ಯೆ, ಅವುಗಳ ವೃತ್ತದ ಅಳತೆ, ನಡುವಿನ ರಂಧ್ರ ಕೂಡ ಹೊಂದಬೇಕು. ಟೈರು ಹೊರಬಲ್ಲ ಭಾರ ಕಂಪನಿಯ ಟೈರಿಗಿಂತ ಕಡಿಮೆಯಿರಬಾರದು. ಹೊಂದದ ರಿಮ್ಮಿಗೆ ನಡುವೆ ಬಿಲ್ಲೆ ಕೊಟ್ಟು ಕೂಡಿಸುವುದು, ಮಡ್‌ಗಾರ್ಡಿನ ಅಂಚನ್ನು ಬಡಿದು ಮಡಚುವುದು ತಪ್ಪನ್ನು ಮುಚ್ಚುವ ದಾರಿಗಳೇ ಹೊರತು ತಿದ್ದುವ ದಾರಿಗಳಲ್ಲ.

ಇಷ್ಟೆಲ್ಲ ಸರಿಯಾದರೂ ನೆಲದ ಮಾತು ಉಳಿಯುತ್ತದೆ. ಗೋಡೆ ತಗ್ಗಿದ ಟೈರು ತಿರುವಿನಲ್ಲಿ ಬಿಗಿಯಾಗಿ ಹಿಡಿಯುತ್ತದೆ, ನೋಡಲು ಚೆಂದ. ಆದರೆ ಗುಂಡಿಯ ಪೆಟ್ಟನ್ನು ನುಂಗಲು ಅದರಲ್ಲಿ ರಬ್ಬರೂ ಗಾಳಿಯೂ ಕಡಿಮೆ. ಪೆಟ್ಟು ನೇರವಾಗಿ ರಿಮ್ಮಿಗೆ ಬೀಳುತ್ತದೆ. ರಿಮ್ಮು ಡೊಂಕಾಗಬಹುದು, ಬಿರುಕು ಬಿಡಬಹುದು. ಸಂಡೂರಿನ ಅದಿರು ಲಾರಿಗಳ ದಾರಿಯಲ್ಲಾಗಲಿ, ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುವ ದಾರಿಯಲ್ಲಾಗಲಿ ಕಾರು ಓಡಿಸುವವರು ಇದನ್ನು ಮೊದಲು ಯೋಚಿಸಬೇಕು. ಕಪ್ಪುಮಣ್ಣಿನ ಬಂಡಿಗೆ ದೊಡ್ಡ ಗಾಲಿ ಮಾಡಿದ ಬಡಿಗ ಮೊದಲು ನೋಡಿದ್ದು ನೆಲವನ್ನು.

ಕಾನೂನಿನ ಮಾತು

ವಾಹನದ ರೂಪ ಬದಲಿಸುವುದು ಮಾಲೀಕನ ಇಷ್ಟಕ್ಕೆ ಬಿಟ್ಟ ವಿಷಯವೂ ಅಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದನ್ನು ನಿಯಂತ್ರಿಸುತ್ತದೆ. ತಯಾರಕರು ನಮೂದಿಸಿ ನೋಂದಣಿ ಪತ್ರದಲ್ಲಿ ದಾಖಲಾದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂಥ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ನೀಡಿದೆ. ಚಕ್ರ ಬದಲಿಸಲೇಬೇಕೆನ್ನುವವರಿಗೆ ಒಂದು ಸುರಕ್ಷಿತ ದಾರಿಯಿದೆ. ಅನೇಕ ಕಾರುಗಳ ಒಂದೇ ಮಾದರಿಯಲ್ಲಿ ಅಗ್ಗದ ಬಗೆಗೆ ಒಂದು ಅಳತೆಯ, ದುಬಾರಿ ಬಗೆಗೆ ಇನ್ನೊಂದು ಅಳತೆಯ ಚಕ್ರವನ್ನು ಕಂಪನಿಯೇ ಕೊಟ್ಟಿರುತ್ತದೆ. ಕಾರಿನ ಕೈಪಿಡಿಯಲ್ಲಿ ತಮ್ಮ ಕಾರಿಗೆ ಒಪ್ಪುವ ಅಳತೆಗಳನ್ನು ಓದಿ, ಆ ಎಲ್ಲೆಯೊಳಗೆ ಆಸೆ ತೀರಿಸಿಕೊಳ್ಳುವುದು ಜಾಣತನ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಗಾಲಿಗೂ ಒಪ್ಪುತ್ತದೆ.

ಮತ್ತೆ ವಿಠಲನ ಅಂಗಳಕ್ಕೆ ಬರುವುದಾದರೆ, ಆ ಕಲ್ಲಿನ ಗಾಲಿಗಳು ಇಂದು ತಿರುಗುವುದಿಲ್ಲ. ಬಂದವರೆಲ್ಲ ಕೈಹಾಕಿ ತಿರುಗಿಸುತ್ತಿದ್ದುದರಿಂದ ಹಾನಿಯಾಗದಿರಲೆಂದು ಅವುಗಳನ್ನು ಭದ್ರಪಡಿಸಿ ನಿಲ್ಲಿಸಲಾಗಿದೆ. ಜನ ರಥದ ಮೇಲೆ ಹತ್ತದಂತೆ 2020ರಲ್ಲಿ ಸುತ್ತ ತಡೆಯನ್ನೂ ಹಾಕಲಾಯಿತು. ಆ ಗಾಲಿ ನಿಂತದ್ದು ಶಿಲ್ಪಿಯ ಅಳತೆ ತಪ್ಪಿದ್ದರಿಂದಲ್ಲ. ಕಲ್ಲಿಗೂ ಕಲ್ಲಿಗೂ ನಡುವೆ ಎಷ್ಟು ಜಾಗ ಬಿಡಬೇಕೋ ಅಷ್ಟನ್ನು ಅವನು ಬಿಟ್ಟಿದ್ದ. ಮಿತಿ ಮರೆತದ್ದು ತಿರುಗಿಸಿದ ಕೈಗಳು. ಬುಕ್ಕಸಾಗರದ ರಸ್ತೆಯಲ್ಲಿ ಹೊಸ ಚಕ್ರ ಮಿನುಗಿಸಿಕೊಂಡು ಹಂಪೆಗೆ ಹೋಗುವವರು ಆ ಗಾಲಿಯ ಮುಂದೆ ಒಂದು ಕ್ಷಣ ನಿಂತು ನೋಡಿದರೆ, ತಮ್ಮ ಕಾರಿನ ಟೈರಿಗೂ ಮೈಗೂ ನಡುವೆ ಎಷ್ಟು ಬೆರಳು ಜಾಗವಿದೆ ಎಂದು ಬಗ್ಗಿ ನೋಡುವ ಮನಸ್ಸಾದೀತು.